ಲಿಫ್ಟಿನೊಳಗಿನ ಗಿಳಿಹಸಿರು ದಾರ

ಒಂದೇ ಒಂದು ಮಾತು ಹೇಳಬೇಕಿತ್ತು, ನಾನು ಹೇಳಲಿಲ್ಲ. ಮಾವನ ಟ್ರ್ಯಾಕ್ಟರಿನ ಲಿಫ್ಟ್ ಕೆಟ್ಟಿದ್ದು ನನ್ನ ತಮ್ಮನ ಕೈಯಿಂದಲ್ಲ, ನನ್ನ ಕೈಯಿಂದ ಅನ್ನುವಷ್ಟು ಮಾತು. ಉಸಿರೆಳೆದು ಬಿಡುವುದರೊಳಗೆ ಮುಗಿದುಹೋಗುತ್ತಿತ್ತು. ಅದನ್ನು ನುಂಗಿಕೊಂಡೇ ಹತ್ತು ವರ್ಷದ ಹತ್ತಿರ ಸಂಸಾರ ಮಾಡಿದೆ, ಎರಡು ಮಕ್ಕಳನ್ನು ಹೆತ್ತೆ, ಕಂಡವರ ಮದುವೆಗಳಲ್ಲಿ ನಗುನಗುತ್ತಾ ಊಟಕ್ಕೆ ಕೂತೆ.

ಆ ಮಾತು ಒಳಗೆ ಉಳಿದದ್ದಕ್ಕೋ ಏನೋ, ನನಗೊಂದು ಚಟ ಅಂಟಿಕೊಂಡಿದೆ. ಮೇಲೆತ್ತಿ ನಿಲ್ಲಿಸಿದ ಯಾವುದನ್ನು ಕಂಡರೂ ಅದು ಇಳಿಯುತ್ತಿದೆಯಾ ಅಂತ ನೋಡುವುದು. ರೈಲ್ವೆ ಗೇಟಿನ ಕಂಬ ಮೇಲೆದ್ದಿದ್ದರೆ ಬಸ್ಸು ಅದರ ಕೆಳಗೆ ಹಾಯುವಷ್ಟು ಹೊತ್ತೂ ಮುಂದಿನ ಸೀಟಿನ ಸರಳು ಬಿಗಿಹಿಡಿದು ಕೂತಿರುತ್ತೇನೆ. ಅಂಗಡಿಯ ಷಟರ್ ಅಡಿಯಲ್ಲಿ ನಿಲ್ಲುವುದಿಲ್ಲ. ಒಂದೋ ಅಂಗಡಿಯ ಒಳಗೆ, ಇಲ್ಲವೇ ರಸ್ತೆಯಲ್ಲಿ. ಒಂದು ಸಲ ಹಲ್ಲು ಕೀಳಿಸಲು ಹೋದಾಗ ಡಾಕ್ಟರು ಕಾಲಲ್ಲಿ ಒತ್ತಿ ಒತ್ತಿ ಕುರ್ಚಿಯನ್ನು ಮೇಲೆತ್ತಿದರು. ನಾನು ಎರಡೂ ಕೈಯಲ್ಲಿ ಹಿಡಿದುಕೊಂಡು, ಇದರ ಸೀಲ್ ಚೆನ್ನಾಗಿದೆಯಾ ಸಾರ್ ಅಂತ ಕೇಳಿದೆ. ಅವರು ಇಕ್ಕಳ ಕೈಯಲ್ಲಿ ಹಿಡಿದು ನನ್ನನ್ನೇ ನೋಡುತ್ತಾ ನಿಂತರು. ಜೊತೆಗೆ ಬಂದಿದ್ದ ಮಗಳು ಅದನ್ನು ಊರೆಲ್ಲಾ ಹೇಳಿಕೊಂಡು ನಕ್ಕಳು. ನಗಲಿ. ದ್ರಾಕ್ಷಿ ಚಪ್ಪರ ಕುಸಿಯುವಾಗ ತಂತಿ ಹೇಗೆ ಕೂಗುತ್ತದೆ ಅಂತ ಅವಳು ಕೇಳಿಲ್ಲ.

ನಮ್ಮ ತವರು ದೊಡ್ಡಬಳ್ಳಾಪುರದ ಒಂದು ಮಗ್ಗದ ಬೀದಿ. ನಮ್ಮ ಮನೆಯಲ್ಲಿ ಮಗ್ಗವಿರಲಿಲ್ಲ, ಪಕ್ಕದ ಮನೆಯ ಮಗ್ಗಗಳ ಸದ್ದು ಮಾತ್ರ ಇತ್ತು. ಅಪ್ಪ ಬೇಗ ತೀರಿಹೋದರು. ಅಮ್ಮ, ನಾನು ಬೀದಿಯ ಮಗ್ಗಗಳಿಗೆ ಕಂಡಿಕೆ ಸುತ್ತಿಕೊಡುತ್ತಿದ್ದೆವು. ಲಾಳಿಯೊಳಗೆ ಕೂರುವ ಸಣ್ಣ ಕಡ್ಡಿಗೆ ದಾರ ಸುತ್ತುವ ಕೆಲಸ ಅದು. ಆರನೇ ಕ್ಲಾಸು ಮುಗಿಸಿ ನಾನು ರಾಟೆಯ ಮುಂದೆ ಕೂತವಳು ಮದುವೆಯಾಗುವವರೆಗೂ ಏಳಲಿಲ್ಲ. ಯಾವ ಬಣ್ಣದ ಸೀರೆ ನೇಯುತ್ತಿದ್ದಾರೆ ಅಂತ ಕೇಳಬೇಕಾಗಿಯೇ ಇರಲಿಲ್ಲ, ನನ್ನ ಮೂಗು ನೋಡಿದರೆ ಸಾಕು. ಒಂದು ವಾರ ಸೀನಿದರೆ ನೇರಳೆ, ಇನ್ನೊಂದು ವಾರ ಅರಿಶಿನ.

ಮಗ್ಗದ ಬೀದಿಯಲ್ಲಿ ಎಲ್ಲಕ್ಕೂ ವೇಸ್ಟ್ ದಾರವೇ. ತುಂಡಾದ, ಸಿಕ್ಕಾದ ದಾರವನ್ನೆಲ್ಲ ಉಂಡೆ ಮಾಡಿ ಗೋಣಿಚೀಲಕ್ಕೆ ತುಂಬಿಡುತ್ತಿದ್ದರು. ಪಾತ್ರೆ ತಿಕ್ಕುವುದಕ್ಕೆ ಅದು, ಒಲೆ ಹಚ್ಚುವುದಕ್ಕೆ ಅದು, ದಿಂಬಿನ ಹೊಟ್ಟೆಗೆ ಅದು, ಎಣ್ಣೆ ಚೆಲ್ಲಿದರೆ ಒರೆಸುವುದಕ್ಕೂ ಅದು. ನಮ್ಮ ಬೀದಿಯ ಮಕ್ಕಳ ಮೂಗನ್ನು ಕೂಡ ಅದರಲ್ಲೇ ಒರೆಸಿದ್ದಾರೆ. ದಾರದಲ್ಲಿ ಒರೆಸಬೇಡ ಅಂತ ನಮಗೆ ಯಾರಾದರೂ ಹೇಳಿದರೆ, ಬಾಯಲ್ಲಿ ಉಣ್ಣಬೇಡ ಅಂದ ಹಾಗೆ.

ತಮ್ಮ ನಾಗರಾಜ ನನಗಿಂತ ಎರಡು ವರ್ಷ ಚಿಕ್ಕವನು. ಅವನ ಕೈ ಸುಮ್ಮನಿದ್ದದ್ದನ್ನು ನಾನು ನೋಡಿಲ್ಲ. ಹುಡುಗನಾಗಿದ್ದಾಗ ಅಮ್ಮನ ಪಂಪ್ ಸ್ಟೌ ಬಿಚ್ಚಿ ಅದರ ಹೊಟ್ಟೆಯಿಂದ ಪುಟ್ಟ ಚರ್ಮದ ವಾಷರ್ ಹೊರಗೆ ತೆಗೆದ. ಒಣಗಿ ಮುದುಡಿತ್ತು. ಅದನ್ನು ಕೊಬ್ಬರಿ ಎಣ್ಣೆಯಲ್ಲಿ ನೆನೆಹಾಕಿದ. ಸಂಜೆಗೆ ಅದು ಉಬ್ಬಿ ನಳನಳಿಸುತ್ತಿತ್ತು. ಸ್ಟೌ ಭರ್ರೆಂದು ಉರಿದಾಗ ಅಮ್ಮ, ಬೈಯಲು ಎತ್ತಿದ ಸೌಟಿನಲ್ಲೇ ಅವನಿಗೆ ಪಾಯಸ ಬಡಿಸಿದಳು. ಆಮೇಲೆ ಅವನು ದೊಡ್ಡಬಳ್ಳಾಪುರದಲ್ಲೇ ಒಂದು ಗ್ಯಾರೇಜಿಗೆ ಸೇರಿ ಟ್ರ್ಯಾಕ್ಟರ್ ಕೆಲಸ ಕಲಿತ. ಬೆಳಿಗ್ಗೆ ಬಿಳೀ ಶರಟಿನಲ್ಲಿ ಹೋಗಿ ಸಂಜೆ ಕಪ್ಪು ಶರಟಿನಲ್ಲಿ ಬರುತ್ತಿದ್ದ. ಅವನ ಬಟ್ಟೆ ಒಗೆದವಳು ನಾನು, ಹಾಗಾಗಿ ಅವನ ವಿದ್ಯೆಯಲ್ಲಿ ನನಗೂ ಪಾಲಿದೆ ಅಂದುಕೊಂಡಿದ್ದೆ.

ಅಮ್ಮನ ಅಣ್ಣ, ನಮ್ಮ ಸೋದರಮಾವ, ಕುಂದಾಣದ ಹತ್ತಿರ ದ್ರಾಕ್ಷಿ ತೋಟ ಮಾಡಿಕೊಂಡಿದ್ದರು. ಚಪ್ಪರದ ಕೆಳಗೆ ದೊಡ್ಡ ಟ್ರ್ಯಾಕ್ಟರ್ ತೂರುವುದಿಲ್ಲವೆಂದು ಯಾರೋ ಓಡಿಸಿ ಬಿಟ್ಟಿದ್ದ ಒಂದು ಕುಳ್ಳ ಟ್ರ್ಯಾಕ್ಟರ್ ತಂದಿದ್ದರು. ಕೆಂಪು ಬಣ್ಣ ಹೋಗಿ ಇಟ್ಟಿಗೆ ಬಣ್ಣವಾಗಿತ್ತು. ಇಂಜಿನ್ ಗಟ್ಟಿ. ಆದರೆ ಹಿಂದಿನ ಲಿಫ್ಟ್ ನಿಲ್ಲುತ್ತಿರಲಿಲ್ಲ. ಮಣ್ಣು ಕೆದಕುವ ಹಲ್ಲುಗಳ ಕಲ್ಟಿವೇಟರನ್ನು ಅದರಲ್ಲಿ ಮೇಲೆತ್ತಿ ಇಂಜಿನ್ ಆರಿಸಿದರೆ ಅದು ನಿದ್ದೆ ತೂಗುವ ಮುದುಕನ ತಲೆಯ ಹಾಗೆ ಮೆಲ್ಲಗೆ ಕೆಳಗಿಳಿದುಬಿಡುತ್ತಿತ್ತು. ನಾಗ ಅದನ್ನು ರಿಪೇರಿ ಮಾಡಿಕೊಟ್ಟರೆ ತೋಟದ ಮುಂದೆ ರಸ್ತೆ ಪಕ್ಕದಲ್ಲಿದ್ದ ಶೀಟಿನ ಕೊಠಡಿಯನ್ನು ಅವನ ವರ್ಕ್‌ಶಾಪಿಗೆ ಬಿಟ್ಟುಕೊಡುವುದಾಗಿ ಮಾವ ಹೇಳಿದರು. ಸುತ್ತಮುತ್ತ ದ್ರಾಕ್ಷಿ ತೋಟಗಳು, ಎಲ್ಲರಿಗೂ ಅಂಥದೇ ಕುಳ್ಳ ಟ್ರ್ಯಾಕ್ಟರು, ರಿಪೇರಿಗೆ ದೊಡ್ಡಬಳ್ಳಾಪುರಕ್ಕೇ ಬರಬೇಕು. ನಾಗ ಅವತ್ತೇ ಬೋರ್ಡು ಬರೆಸಲು ಒಂದು ತಗಡು ತಂದಿಟ್ಟುಕೊಂಡ.

ಅದೇ ದಿನಗಳಲ್ಲಿ ಮಾವನ ಮಗ ಮುನಿರಾಜುವಿಗೆ ನನ್ನನ್ನು ತಂದುಕೊಳ್ಳುವ ಮಾತೂ ನಡೆದಿತ್ತು. ಅತ್ತೆಗೆ ಅಷ್ಟಾಗಿ ಇಷ್ಟವಿರಲಿಲ್ಲ. ಅವರ ಅಣ್ಣನ ಮಗಳೊಬ್ಬಳು ಬೂದಿಗೆರೆಯಲ್ಲಿದ್ದಳು. ಹಾಗಾಗಿ ಅಮ್ಮ ನನ್ನನ್ನೂ ನಾಗನ ಜೊತೆ ತೋಟಕ್ಕೆ ಕಳಿಸಿದಳು. ಅವನಿಗೆ ಕೈಗೆ ಸಹಾಯ ಅನ್ನುವುದು ಹೊರಗಿನ ಕಾರಣ. ನನ್ನ ಕೆಲಸ ಅತ್ತೆಯ ಕಣ್ಣಿಗೆ ಬೀಳಲಿ ಅನ್ನುವುದು ಒಳಗಿನದು.

ನಾಗ ಸೀಟು ಬಿಚ್ಚಿದ, ಅದರ ಕೆಳಗಿನ ದಪ್ಪ ಮುಚ್ಚಳ ಬಿಚ್ಚಿದ. ಪಿಸ್ಟನ್ ಹೊರಗೆ ತೆಗೆದು ನನಗೆ ತೋರಿಸಿದ. ‘ಅಕ್ಕಾ, ಇದು ಅಮ್ಮನ ಸ್ಟೌವೇ ಕಣೆ. ಸ್ಟೌವಲ್ಲಿ ಗಾಳಿ ಒತ್ತುತ್ತೆ, ಇಲ್ಲಿ ಆಯಿಲ್ ಒತ್ತುತ್ತೆ, ಅಷ್ಟೇ.’ ಪಿಸ್ಟನ್ನಿಗೆ ಒಂದು ರಬ್ಬರಿನ ಓ ರಿಂಗು, ಅದು ಹಿಂದೆ ಜರುಗದ ಹಾಗೆ ಒತ್ತಿಗೊಂದು ಚರ್ಮದ ರಿಂಗು. ಆಯಿಲ್ ಸೋರದ ಹಾಗೆ ತಡೆಯುವ ಸೀಲು ಅಂದರೆ ಇವೇ, ಎರಡೂ ಸವೆದು ಹಪ್ಪಳವಾಗಿದ್ದವು. ರಬ್ಬರಿನದು ಅಂಗಡಿಯಲ್ಲಿ ಸಿಕ್ಕಿತು. ಚರ್ಮದ್ದು ಆ ಹಳೇ ಗಾಡಿಗೆ ಎಲ್ಲೂ ಸಿಗಲಿಲ್ಲ. ಅವತ್ತು ಸಂಜೆ ಊರಿಗೆ ಮರಳಿ ನಾಗ ಅಟ್ಟದ ಮೇಲಿಂದ ಅಪ್ಪನ ಮೆಟ್ಟು ಇಳಿಸಿದ. ಅಮ್ಮ ಕಣ್ಣು ಬಿಟ್ಟಳು, ಹೋದವರ ಮೆಟ್ಟನ್ನು ಟ್ರ್ಯಾಕ್ಟರಿನ ಹೊಟ್ಟೆಗೆ ಹಾಕ್ತೀಯೇನೋ ಅಂತ. ಅವನು, ಅಪ್ಪನೂ ನಮ್ಮನ್ನ ಎತ್ತಿಕೊಂಡೇ ತಿರುಗಿದವರಲ್ಲವೇನಮ್ಮಾ ಅಂದ. ಅಟ್ಟೆಯ ಒಳಪದರದಿಂದ ಬ್ಲೇಡಿನಲ್ಲಿ ಉಂಗುರ ಕತ್ತರಿಸಿ, ಗಾಜಿನ ಚೂರಿನಲ್ಲಿ ತೆಳ್ಳಗೆ ಹೆರೆದು ಎಣ್ಣೆಯಲ್ಲಿ ನೆನೆಹಾಕಿದ. ಉಂಗುರದ ಅಂಚಿನಲ್ಲಿ ಮೆಟ್ಟಿನ ಹೊಲಿಗೆಯ ತೂತೊಂದು ಅರ್ಧ ಉಳಿದುಕೊಂಡಿತ್ತು. ಇರಲಿ ಬಿಡಕ್ಕಾ, ಅಪ್ಪನ ರುಜು ಅಂದ.

ಮಾರನೆಯ ದಿನ ಮತ್ತೆ ತೋಟದಲ್ಲಿ, ನನ್ನ ಪಾಲಿನ ಕೆಲಸ. ಲಿಫ್ಟಿನ ಒಳಗನ್ನೆಲ್ಲ ಡೀಸೆಲ್ಲಿನಲ್ಲಿ ತೊಳೆದು ಒರೆಸುವುದು. ಹಳೇ ಆಯಿಲ್ಲಿನ ಗಸಿ ಬೆಲ್ಲದ ಪಾಕದ ಹಾಗೆ ಮೂಲೆಮೂಲೆಯಲ್ಲಿ ಕೂತಿತ್ತು. ನಾಗ ಒಗೆದ ಪಂಚೆಯೊಂದನ್ನು ತುಂಡು ತುಂಡು ಹರಿದುಕೊಟ್ಟ. ‘ಇದರಲ್ಲೇ ಒರೆಸಬೇಕು ಅಕ್ಕಾ. ದಾರ ಮಾತ್ರ ಮುಟ್ಟಿಸಬೇಡ.’ ಹೀಗೆ ಹೇಳಿ, ಮುಚ್ಚಳದ ಅಡಿಗೆ ಹಾಕುವ ಪ್ಯಾಕಿಂಗ್ ತರಲು ದೊಡ್ಡಬಳ್ಳಾಪುರದ ಬಸ್ಸು ಹತ್ತಿದ.

ಅವನು ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು. ಇಲ್ಲ ಅನ್ನುವುದಿಲ್ಲ. ಆದರೆ ಪಂಚೆಯ ತುಂಡು ಗಸಿಯನ್ನು ಆ ಕಡೆಯಿಂದ ಈ ಕಡೆಗೆ ಸವರುತ್ತಿತ್ತೇ ಹೊರತು ಎತ್ತುತ್ತಿರಲಿಲ್ಲ. ಅತ್ತೆ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಾ ನೋಡುತ್ತಿದ್ದರು, ಕೆಲಸ ನಿಧಾನವೇನೋ ಅನ್ನುವ ಹಾಗೆ. ನಮ್ಮ ಬೀದಿಯಿಂದ ಬುತ್ತಿ ಕಟ್ಟಿಕೊಂಡು ಬರುವಾಗ ಪಾತ್ರೆ ಅಲುಗಾಡದಿರಲೆಂದು ಚೀಲಕ್ಕೆ ಒಂದು ಹಿಡಿ ವೇಸ್ಟ್ ದಾರ ತುರುಕಿದ್ದೆ. ಆ ವಾರ ನಮ್ಮಲ್ಲಿ ಗಿಳಿಹಸಿರು ನಡೆಯುತ್ತಿತ್ತು. ಆ ಉಂಡೆಯನ್ನು ತೆಗೆದು ಒಂದು ಸಲ ಒತ್ತಿದೆ ನೋಡಿ, ಗಸಿಯೆಲ್ಲ ಕುಡಿದುಬಿಟ್ಟಿತು. ಹಲ್ಲಿಗೆ, ತಿರುಪಿಗೆ, ಸಂದಿಗೆಲ್ಲ ದಾರ ತೂರಿಸಿ ತಿಕ್ಕಿದೆ. ನಾಗ ವಾಪಸು ಬಂದು ಬಗ್ಗಿ ನೋಡಿ, ‘ಕನ್ನಡಿ ಮಾಡಿಟ್ಟಿದೀಯಲ್ಲಕ್ಕಾ’ ಅಂದ. ಅತ್ತೆಗೆ ಕೇಳಿಸಿತೋ ಇಲ್ಲವೋ ಅಂತ ನಾನು ಜಗಲಿಯ ಕಡೆ ನೋಡಿದೆ.

ಕಟ್ಟುವಾಗ ಇನ್ನೊಂದು ಎಡವಟ್ಟಾಯಿತು. ಬಿಚ್ಚಿದ ಸಾಮಾನನ್ನು ಬಿಚ್ಚಿದ ಕ್ರಮದಲ್ಲೇ ಮೊರದಲ್ಲಿ ಜೋಡಿಸಿಟ್ಟಿದ್ದೆ. ಮಾವನ ಮನೆಯ ಕೋಳಿಯೊಂದು, ಮೊರ ಕಂಡರೆ ಅಕ್ಕಿಯಿರಬೇಕೆಂದು, ಅದರ ಮೇಲೆ ಹತ್ತಿ ಕೆದಕಿ ಹೋಗಿತ್ತು. ಚರ್ಮದ ರಿಂಗು ರಬ್ಬರಿನ ಆ ಕಡೆ ಇತ್ತೋ ಈ ಕಡೆ ಇತ್ತೋ ನಾಗನಿಗೆ ಅನುಮಾನ ಬಂತು. ನನ್ನನ್ನು ಕೇಳಿದ. ನನಗೇನು ಗೊತ್ತು? ಕೋಳಿಯನ್ನೇ ಕೇಳಬೇಕು ಅಂದೆ. ಇಬ್ಬರೂ ನಕ್ಕೆವು. ಅವನು ಬೆರಳಿನಿಂದ ಗಾಳಿಯಲ್ಲಿ ಆಯಿಲ್ಲಿನ ದಾರಿ ಬರೆದುಕೊಂಡು ಯೋಚಿಸಿ, ಹೀಗೇ ಇರಬೇಕು ಅಂತ ಕೂರಿಸಿದ. ಆ ‘ಇರಬೇಕು’ ಅನ್ನುವುದು ಅವನ ಮನಸ್ಸಿನಲ್ಲಿ ಉಳಿದುಹೋಯಿತು.

ಪರೀಕ್ಷೆಗೆ ಕಲ್ಟಿವೇಟರ್ ಎತ್ತಿ, ಇಂಜಿನ್ ಆರಿಸಿ, ನಾವೆಲ್ಲ ಊಟಕ್ಕೆ ಕೂತೆವು. ಬಾಗಿಲ ಸಂದಿಯಿಂದ ಅದರ ಹಲ್ಲುಗಳನ್ನೇ ನೋಡುತ್ತಿದ್ದೆ. ಕೈ ತೊಳೆದು ಎದ್ದಾಗಲೂ ಅದು ಎತ್ತಿದಲ್ಲೇ ನಿಂತಿತ್ತು, ಕೂದಲೆಳೆಯಷ್ಟೂ ಇಳಿದಿರಲಿಲ್ಲ. ಮಾವ ನಾಗನ ಬೆನ್ನು ತಟ್ಟಿ ಕೊಠಡಿಯ ಬೀಗದ ಕೈ ಕೊಟ್ಟರು. ಅವನು ಅದನ್ನು ಜೇಬಿನಲ್ಲಿಟ್ಟುಕೊಂಡು, ಅಲ್ಲೇ ಇದೆಯಾ ಅಂತ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದ.

ಮಾರನೆಯ ದಿನವೂ ನಾವು ಅಲ್ಲೇ ಇದ್ದೆವು. ಮುನಿರಾಜು ಭಾವ ಚಪ್ಪರದಡಿ ಕಳೆ ಹೊಡೆಯಲು ಟ್ರ್ಯಾಕ್ಟರ್ ಇಳಿಸಿದರು. ದ್ರಾಕ್ಷಿ ಬಣ್ಣ ತಿರುಗುವ ಕಾಲ. ಗೊನೆಗಳು ತಲೆಗೆ ತಾಗುವ ಹಾಗೆ ತೂಗುತ್ತಿದ್ದವು. ಮೊದಲ ಸಾಲುಗಳೆಲ್ಲ ಚೆನ್ನಾಗೇ ಹೋದವು. ಆಮೇಲೆ ಲಿಫ್ಟಿನಿಂದ ಗೊರಗೊರ ಸದ್ದು ಬರತೊಡಗಿತು. ಸಾಲಿನ ಕೊನೆಯಲ್ಲಿ ಭಾವ ಹಿಡಿ ಎಳೆದರು, ಕಲ್ಟಿವೇಟರ್ ಏಳಲಿಲ್ಲ. ಅವರು ತಿರುಗಿಸುತ್ತಾ ಮತ್ತೆ ಎಳೆದರು. ಬ್ರೇಕ್ ತುಳಿಯಬಹುದಿತ್ತು, ಅದನ್ನು ಅವರು ಬರೆಯಲಿ, ನಾನು ನನ್ನದನ್ನು ಬರೆಯುತ್ತೇನೆ. ಮಣ್ಣಲ್ಲಿ ಹೂತಿದ್ದ ಹಲ್ಲು ಹೋಗಿ, ಕೊನೆಯ ಕಲ್ಲುಕಂಬವನ್ನು ನೆಲಕ್ಕೆ ಬಿಗಿದಿದ್ದ ಓರೆ ತಂತಿಗೆ ಸಿಕ್ಕಿತು. ತಂತಿ ಕಿತ್ತ ಕೂಡಲೇ ಕಂಬ ವಾಲಿತು. ಚಪ್ಪರದ ತಂತಿಗಳು ಒಂದರ ಹಿಂದೊಂದು ಕಿರ್ರನೆ ಕೂಗಿ ಸಡಿಲವಾದವು. ಅರ್ಧ ತೋಟ ನೆನೆದ ಕಂಬಳಿಯ ಹಾಗೆ ನೆಲಕ್ಕೆ ಕೂತಿತು. ಭಾವನಿಗೆ ಏನೂ ಆಗಲಿಲ್ಲ, ಬಳ್ಳಿಯೊಳಗಿಂದ ತೆವಳಿಕೊಂಡು ಬಂದರು. ಆದರೆ ಆ ಸಲದ ಬೆಳೆ ಹೋಯಿತು.

ನಾಗ ಬಿಳಿಚಿಕೊಂಡು ನಿಂತಿದ್ದ. ಮಾವ ಅವನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬೀಗದ ಕೈಗಾಗಿ ಕೈ ಚಾಚಿದರು. ‘ಇನ್ನು ಅದನ್ನ ಮುಟ್ಟಬೇಡ ಕಣಪ್ಪ’ ಅಂದರು. ನಾಗ ಅದನ್ನು ಅವರ ಕೈಯಲ್ಲಿಟ್ಟು, ‘ಚರ್ಮ ಉಲ್ಟಾ ಹಾಕಿಬಿಟ್ಟೆ ಮಾವ’ ಅಂದ. ಸೀಲು ತಪ್ಪಿದರೆ ಬರುವ ಇಳಿಯುವ ಕಾಯಿಲೆ ಬೇರೆ, ಏಳದ ಕಾಯಿಲೆ ಬೇರೆ. ತಲೆ ನೆಟ್ಟಗಿದ್ದಿದ್ದರೆ ಅವನಿಗೇ ಹೊಳೆಯುತ್ತಿತ್ತು. ಅವನು ಮೊದಲ ಬಸ್ಸಿಗೆ ಊರಿಗೆ ಹೋದ. ನಾನು ಬಿದ್ದ ಗೊನೆ ಆಯಲು ಉಳಿದುಕೊಂಡೆ.

ಸಂಜೆ ಮಾವ, ನಾಳೆ ಬೇರೆ ಮೆಕ್ಯಾನಿಕ್ ಬರುತ್ತಾನೆ, ಆಯಿಲ್ ಇಳಿಸಿಡು ಅಂದರು. ಇಳಿಸಿದೆ. ಆಯಿಲ್ ಪಂಪಿಗೆ ಹೋಗುವ ದಾರಿಯಲ್ಲಿ ಒಂದು ಜಾಲರಿ ಇರುತ್ತದೆ, ಬಿಚ್ಚುವುದನ್ನು ನಾಗನೇ ತೋರಿಸಿದ್ದ. ಬಿಚ್ಚಿದೆ. ಜಾಲರಿಯ ತುಂಬ ಗಿಳಿಹಸಿರು. ಎಳೆ ಎಳೆಯಾಗಿ ಬಿಟ್ಟುಹೋದ ದಾರವೆಲ್ಲ ಬಂದು ಅಲ್ಲಿ ಹಕ್ಕಿಗೂಡು ಕಟ್ಟಿಕೊಂಡಿತ್ತು. ಪಂಪಿಗೆ ಆಯಿಲ್ಲೇ ಹೋಗಿರಲಿಲ್ಲ.

ಮಾವ ಕೂಗಳತೆಯಲ್ಲೇ ಇದ್ದರು. ಜಗಲಿಯಲ್ಲಿ ಅತ್ತೆ, ಪಕ್ಕದ ತೋಟದವಳ ಜೊತೆ, ಹುಡುಗಿ ಬಂದು ನಾಲ್ಕು ದಿನ ಆಗಿಲ್ಲ, ಚಪ್ಪರ ಮಲಗಿತು, ಕಾಲ್ಗುಣ ಹೇಗೋ ಏನೋ ಅನ್ನುತ್ತಿದ್ದರು. ಸುಮ್ಮನೆ ಬಂದದ್ದಕ್ಕೇ ಈ ಮಾತು. ಕೈಯಾರೆ ಬೀಳಿಸಿದವಳು ಅಂತ ಗೊತ್ತಾದರೆ? ದಾರವನ್ನು ಸೆರಗಿನ ತುದಿಗೆ ಕಟ್ಟಿಕೊಂಡೆ. ಜಾಲರಿ ತೊಳೆದು ಇದ್ದ ಹಾಗೇ ಕೂರಿಸಿದೆ. ನೀರು ಕಾಯಿಸುವ ಹಂಡೆಯ ಒಲೆಗೆ ಆ ದಾರ ಹಾಕಿದೆ. ಅದು ಒಂದು ಕ್ಷಣ ಹಸಿರಾಗೇ ಹೊಳೆದು, ಮುದುಡಿ, ಇಲ್ಲವಾಯಿತು.

ಮಾರನೆಯ ದಿನ ಬಂದ ಮೆಕ್ಯಾನಿಕ್ ಹೊಸ ಆಯಿಲ್ ಹಾಕಿ ಇಂಜಿನ್ ಚಾಲೂ ಮಾಡಿದ. ಲಿಫ್ಟ್ ಸಲೀಸಾಗಿ ಎದ್ದಿತು. ಅವನೇ ಒಂದು ಗಳಿಗೆ ಬೆಪ್ಪಾಗಿ ನೋಡಿದ. ಆಮೇಲೆ ಸ್ಪ್ಯಾನರ್ ಹಿಡಿದು ಎರಡು ಬೋಲ್ಟನ್ನು ಅತ್ತ ತಿರುಗಿಸಿ ಇತ್ತ ತಿರುಗಿಸಿ, ಹುಡುಗ ಎಲ್ಲಾ ತಪ್ಪು ಕಟ್ಟಿದ್ದ ಗೌಡ್ರೇ, ಸರಿ ಮಾಡಿದೀನಿ ಅಂದ. ಅವನ ಕೈಗುಣವನ್ನು ತೋಟದಲ್ಲೆಲ್ಲ ಹೊಗಳಿದರು. ನಾನು ಅವನಿಗೆ ಕಾಫಿ ತಂದುಕೊಟ್ಟೆ.

ಮುನಿರಾಜು ಭಾವನ ಜೊತೆಗೇ ನನ್ನ ಮದುವೆ ಆಯಿತು. ನಾಗ ಅಪ್ಪನ ಜಾಗದಲ್ಲಿ ನಿಂತು ಎಲ್ಲ ಮಾಡಿದ. ತೋಟದ ಕಡೆಯವರು ಎದುರಾದಾಗ ಮಾತ್ರ ಪಾತ್ರೆ ಹೊರುವ ನೆಪದಲ್ಲಿ ಒಳಗೆ ಹೋಗುತ್ತಿದ್ದ. ಗ್ಯಾರೇಜು ಬಿಟ್ಟು ಮಗ್ಗದ ಶೆಡ್ಡಿಗೆ ಸೇರಿದ. ಬೋರ್ಡಿಗೆ ತಂದ ತಗಡನ್ನು ಅಮ್ಮ ನೀರಿನ ಡ್ರಮ್ಮಿಗೆ ಮುಚ್ಚಿದಳು. ತವರಿಗೆ ಹೋದಾಗ ಒಂದು ಸಲ ಪಂಪ್ ಸ್ಟೌ ಕೆಟ್ಟಿತ್ತು. ನೋಡೋ ನಾಗ ಅಂದೆ. ಅವನು ಶರಟು ಹಾಕಿಕೊಂಡು, ಸ್ಟೌ ಎತ್ತಿಕೊಂಡು ಅಂಗಡಿಗೆ ಹೊರಟ. ‘ನನ್ನ ಕೈ ನಂಬೋ ಹಾಗಿಲ್ಲ ಅಕ್ಕಾ’ ಅಂತ ನಕ್ಕ. ಆ ನಗುವಿನಲ್ಲಿ ಬೇಜಾರೂ ಇರಲಿಲ್ಲ. ಒಪ್ಪಿಕೊಂಡುಬಿಟ್ಟಿದ್ದ.

ಇತ್ತ ತೋಟದಲ್ಲಿ ದಿನವೂ ಟ್ರ್ಯಾಕ್ಟರ್ ನನ್ನ ಕಣ್ಣೆದುರಿಗೇ ಓಡಾಡುತ್ತಿತ್ತು. ನಾಗ ಕೂರಿಸಿದ ಸೀಲು, ಅಪ್ಪನ ಮೆಟ್ಟಿನ ಚರ್ಮ. ಎತ್ತಿದಲ್ಲೇ ನಿಲ್ಲುತ್ತಿತ್ತು, ವರ್ಷಗಟ್ಟಲೆ. ಇವತ್ತಾದರೂ ಕೆಟ್ಟುಹೋಗಲಪ್ಪ, ಆಗ ತಪ್ಪು ಅವನದೇ ಅಂತ ನಾನೂ ನಂಬಬಹುದು ಅಂತ ಬೇಡಿಕೊಂಡಿದ್ದೇನೆ. ಇದನ್ನು ಬರೆಯುವುದಕ್ಕೆ ದಾರದ ವಿಷಯ ಬರೆದದ್ದಕ್ಕಿಂತ ಹೆಚ್ಚು ನಾಚಿಕೆಯಾಗುತ್ತಿದೆ. ರಸ್ತೆ ಪಕ್ಕದ ಕೊಠಡಿಯಲ್ಲಿ ಗೊಬ್ಬರದ ಮೂಟೆ ತುಂಬಿದ್ದರು. ಮೂಟೆ ತರಲು ನಾನು ಹೋಗುತ್ತಿರಲಿಲ್ಲ, ಆಳುಗಳನ್ನು ಕಳಿಸುತ್ತಿದ್ದೆ.

ಕೊನೆಗೆ ಒಂದು ದಿನ ಲಿಫ್ಟ್ ಇಳಿಯತೊಡಗಿತು. ಹಳೆಯ ಹಾಗೇ, ತೂಕಡಿಸುತ್ತಾ. ನಮ್ಮನೆಯವರು ಗುಜರಿಗೆ ಹಾಕೋಣ ಅಂದರು. ಆ ಮೆಕ್ಯಾನಿಕ್ ಎಲ್ಲೋ ಹೊಸಕೋಟೆ ಕಡೆ ಹೋಗಿದ್ದನಂತೆ. ನಾಗನನ್ನು ಕರೆಸಿ ಅಂದೆ. ಅವನಾ, ಮತ್ತೆ ಚಪ್ಪರ ಮಲಗಿಸೋಕಾ ಅಂದರು. ಕರೆಸಲೇಬೇಕು ಅಂದೆ. ಆ ಮನೆಯಲ್ಲಿ ನಾನು ‘ಲೇಬೇಕು’ ಅಂದದ್ದು ಅದೇ ಮೊದಲು, ಅವರೇ ತಬ್ಬಿಬ್ಬಾಗಿ ಒಪ್ಪಿಕೊಂಡರು.

ನಾಗ ಬಂದವನು ಟ್ರ್ಯಾಕ್ಟರಿಗೆ ದೂರವೇ ನಿಂತ. ಬೇಡಕ್ಕಾ ಅಂದ. ಬಿಚ್ಚಿಕೊಡು ಸಾಕು, ಕಟ್ಟುವುದನ್ನು ಬೇರೆಯವರು ಕಟ್ಟುತ್ತಾರೆ ಅಂದೆ. ನಮ್ಮನೆಯವರ ಹೊಸ ಪಂಚೆಯೊಂದನ್ನು ತಂದು ಅವನೆದುರಿಗೇ ಪರ್ರನೆ ಹರಿದೆ. ಅವರು ಅಯ್ಯೋ ಅಂದರು. ನಾಗ ಬಟ್ಟೆಯ ತುಂಡನ್ನೂ ನನ್ನನ್ನೂ ನೋಡಿ, ಸ್ಪ್ಯಾನರ್ ಕೈಗೆತ್ತಿಕೊಂಡ. ಎಷ್ಟು ವರ್ಷವಾದರೂ ಬೆರಳಿಗೆ ಕೆಲಸ ಮರೆತಿರಲಿಲ್ಲ. ಮಾವ ಹುಣಸೆ ಮರದ ಕೆಳಗೆ ಮಂಚದ ಮೇಲೆ ಕೂತು ನೋಡುತ್ತಿದ್ದರು. ಅವರಿಗೆ ಈಗ ಕಿವಿ ಮಂದ. ಅತ್ತೆ ಜಗಲಿಯಲ್ಲಿ, ಅದೇ ಜಾಗದಲ್ಲಿ.

ಪಿಸ್ಟನ್ ಹೊರಗೆ ಬಂತು. ನಾಗ ಅದನ್ನು ಒರೆಸಿದ. ಒರೆಸುತ್ತಿದ್ದ ಕೈ ನಿಂತಿತು. ಸವೆದ ರಬ್ಬರಿನ ಒತ್ತಿಗೆ ಕಪ್ಪಾದ ಚರ್ಮದ ಉಂಗುರ, ಅಂಚಿನಲ್ಲಿ ಅರ್ಧ ಹೊಲಿಗೆಯ ತೂತು. ಅವನು ಅದನ್ನು ಉಗುರಿನಿಂದ ಮುಟ್ಟಿದ.

‘ಅಕ್ಕಾ, ಇದು ಅಪ್ಪನ ಮೆಟ್ಟಿಂದು.’

‘ಹೂಂ.’

‘ಆ ಮೆಕ್ಯಾನಿಕ್ ಬದಲಾಯಿಸಲಿಲ್ವಾ?’

‘ಅವನು ಒಳಗೆ ನೋಡಲೇ ಇಲ್ಲ ಕಣೋ.’

‘ಮತ್ತೆ ಇಷ್ಟು ವರ್ಷ ಎತ್ತಿದ್ದು?’

ನಾನು ನೆಲ ನೋಡುತ್ತಾ ಹೇಳಿದೆ. ದಾರ, ಜಾಲರಿ, ಹಂಡೆಯ ಒಲೆ. ಎಷ್ಟು ಮೆಲ್ಲಗೆ ಅಂದರೆ, ಹೇಳುತ್ತಿದ್ದೇನೋ ನೆನೆಸಿಕೊಳ್ಳುತ್ತಿದ್ದೇನೋ ನನಗೇ ತಿಳಿಯಲಿಲ್ಲ. ನಾಗ ಪಿಸ್ಟನ್ನನ್ನು ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದ. ಅಷ್ಟರಲ್ಲಿ ಮರದ ಕೆಳಗಿಂದ ಮಾವ ನನ್ನನ್ನು ಕರೆದು, ‘ಏನಂತೆ ಜಯಾ, ಏನು ಕೆಟ್ಟಿದೆಯಂತೆ? ನನಗೊಂದೂ ಕೇಳಿಸ್ತಿಲ್ಲ’ ಅಂದರು. ನಮ್ಮನೆಯವರು ಏನಿಲ್ಲ ಬಿಡಪ್ಪ ಅನ್ನಲು ಹೊರಟರು. ಅತ್ತೆಯ ಕೈಯಲ್ಲಿ ಅವರೆಕಾಯಿ ಹಾಗೇ ನಿಂತಿತ್ತು.

ಏನಿಲ್ಲ ಅಂದುಬಿಡುವುದು ಎಷ್ಟು ಸುಲಭವಾಗಿತ್ತು. ನಾನು ಎದ್ದು ನಿಂತೆ. ಮಂಚಕ್ಕೂ ಜಗಲಿಗೂ ಪಕ್ಕದ ತೋಟಕ್ಕೂ ಕೇಳುವ ಹಾಗೆ, ನಾಗನ ಮುಖ ನೋಡಿಕೊಂಡೇ ಕೂಗಿದೆ:

‘ಅವತ್ತು ಚಪ್ಪರ ಬೀಳಿಸಿದ್ದು ನಾನು, ಮಾವ. ಬೇಡ ಅಂದರೂ ದಾರದಲ್ಲಿ ಒರೆಸಿದೆ, ಗೊತ್ತಾದ ಮೇಲೂ ಬಚ್ಚಿಟ್ಟೆ. ನಿನ್ನ ಕೈ ಸರಿಯಾಗೇ ಇತ್ತು ಕಣೋ ನಾಗ, ಇಷ್ಟು ವರ್ಷವೂ ಸರಿಯಾಗೇ ಇತ್ತು. ನನ್ನದು ತಪ್ಪಾಯ್ತು ಕಣಪ್ಪಾ, ತಪ್ಪಾಯ್ತು.’